ಜಪಾನವ್ವನ ಹೊಸ ಕ್ಯಾಸೆಟ್ಟು

ಅಂದಾನಪ್ಪ ಶಪಥ ಮಾಡಿದ್ದು ಇಳಕಲ್ಲಿನ ಚಹಾದಂಗಡಿಯಲ್ಲಿ, ಅದೂ ತುಂಬಿದ ಸಭೆಯಲ್ಲಿ. ಅವನ ಶಪಥಗಳೆಲ್ಲ ಹುಟ್ಟುವುದೇ ಅಲ್ಲಿ. ಬಹಳಷ್ಟು ಶಪಥಗಳು ಬಸಿಯ ಚಹಾ ಆರುವುದರೊಳಗೆ ಅಲ್ಲಿಯೇ ತೀರಿಕೊಳ್ಳುವುದೂ ಉಂಟು. ಭಾರತ ಕ್ರಿಕೆಟ್ಟಿನಲ್ಲಿ ವಿಶ್ವಕಪ್ಪು ಗೆದ್ದ ಮರುವರ್ಷದ ಮಾತಿದು. ಆಗ ಊರಲ್ಲಿ ಎಲ್ಲರೂ ಏನಾದರೊಂದು ಗೆದ್ದೇ ತೀರುವ ಉಮೇದಿನಲ್ಲಿದ್ದರು.

"ಪಂಚಮಿ ಬರೂದ್ರೊಳಗ ನನ್ನ ತಂಗಿಗೆ ನನ್ನ ಕೈಲೇ ಸೀರಿ ನೇಯ್ತೇನಿ" ಎಂದ ಅಂದಾನಪ್ಪ. "ಎಂಥಾ ಸೀರಿ ಅಂತೀರಿ? ಇಳಕಲ್ಲಿನಾಗ ಮಗ್ಗ ಹೂಡಿದಾಗಿಂದ ಅಂಥಾದ್ದು ಇಳಿದಿರಬಾರದು. ಭೂತಗನ್ನಡಿ ಹಿಡದು ನೋಡ್ರಿ. ಒಂದು ತಪ್ಪು ತೋರಿಸಿದ್ರ ನಾ ನೇಕಾರನ ಮಗಾನ ಅಲ್ಲ!"

ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ಅಂಗಡಿಯವರೆಲ್ಲ ಸೇರಿ ಅವನನ್ನು ಗಿರಗಿಟ್ಟಲೆ ಆಡಿಸುತ್ತಿದ್ದರು. ಆದರೆ ಹುನಗುಂದಕ್ಕೆ ಕೊಟ್ಟ ಅವನ ತಂಗಿ ಸುಂದರವ್ವನ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಆಕೆಗೆ ಹೊಟ್ಟೆಯಲ್ಲಿ ಗಂಟು. ದೊಡ್ಡ ದವಾಖಾನೆಯವರು ಕೊಯ್ದು ನೋಡಿ, ಹಾಗೆಯೇ ಹೊಲಿದು, "ಮನಿಗೆ ಕರಕೊಂಡು ಹೋಗ್ರಿ, ಏನ್ ಬೇಡ್ತಾರ ಅದನ್ನ ಉಣಸ್ರಿ" ಎಂದು ಕಳಿಸಿದ್ದರು. ಬೇಡಿದ್ದನ್ನು ಉಣ್ಣಿಸಿ ಎಂದು ಡಾಕ್ಟರು ಹೇಳಿದರೆ ಅದರ ಅರ್ಥವೇನೆಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು.

ಸುಂದರವ್ವ ಉಣ್ಣಲು ಏನೂ ಬೇಡಲಿಲ್ಲ. ನೋಡಲು ಹೋದ ಅಣ್ಣನ ಹತ್ತಿರ ಬೇಡಿದ್ದು ಸೀರೆ.

"ಅಣ್ಣಾ, ಮದಿವಿ ಆದಾಗಿಂದ ಪಂಚಮಿಗೆ ತವರ ಸೀರಿ ಒಂದ್ ವರ್ಷಾನೂ ತಪ್ಪಿಲ್ಲ. ಸುಳ್ಳ ಯಾಕ ಹೇಳ್ಲಿ. ಆದ್ರ ಎಲ್ಲಾ ಅಂಗಡಿ ಸೀರಿ. ನೀ ನೇಯ್ದದ್ದು ಸೊಲ್ಲಾಪುರದಾಕಿ ಉಡ್ತಾಳ, ಪುಣೆದಾಕಿ ಉಡ್ತಾಳ. ನಿನ್ನ ಬೆನ್ನಿಗೆ ಬಿದ್ದಾಕಿ ನಾ ಒಂದೂ ಉಟ್ಟಿಲ್ಲ."

ಅಂದಾನಪ್ಪನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನೇಕಾರನ ಮನೆಯ ಮಗ್ಗಕ್ಕೆ ಬಿಡುವೆಲ್ಲಿದೆ? ಸಾಹುಕಾರರು ಕೊಟ್ಟ ನೂಲಿನ ಒಂದು ಹಾಸು ನೇಯ್ದು ಇಳಿಸುವಷ್ಟರಲ್ಲಿ ಇನ್ನೊಂದು ಹಾಸು ಬಾಗಿಲಲ್ಲಿ ನಿಂತಿರುತ್ತದೆ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ತಂಗಿಯ ತಲೆಯಲ್ಲಿ ಬಿಳಿಗೂದಲು ಕಾಣಿಸಿಕೊಂಡಿದ್ದವು.

"ಈ ಸಲ ಖರೇನ ನೇಯ್ತೇನವಾ."

"ನಾ ಹೋದಮ್ಯಾಲೆ ಹೊದಿಸೂದಲ್ಲ ಮತ್ತ. ಅದನ್ನ ನೀ ಹೆಂಗೂ ತರಬೇಕು. ನಾ ಕೇಳಾಕತ್ತಿದ್ದು ಉಡೂ ಸೀರಿ. ಉಟಗೊಂಡು ಕನ್ನಡಿ ಮುಂದ ನಿಂತು ನೋಡಬೇಕಾಗೇತಿ ನನಗ."

ಮುತ್ತೈದೆ ಕಣ್ಣು ಮುಚ್ಚಿದರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಅದು ನಮ್ಮಲ್ಲಿಯ ಕಟ್ಟಳೆ. ಆ ಸೀರೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಸುಂದರವ್ವ ಆಡಿಬಿಟ್ಟಳು. ಅಂದಾನಪ್ಪ ಬಸ್ಸಿಳಿದವನೇ ಮನೆಗೂ ಹೋಗದೆ ನೆಟ್ಟಗೆ ಚಹಾದಂಗಡಿಗೆ ಬಂದು ಶಪಥ ಮಾಡಿದ್ದು ಇದೇ ಕಾರಣಕ್ಕೆ.

ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಹೆಂಡತಿ ಸಾವಂತ್ರವ್ವ ರೊಟ್ಟಿ ಬಡಿಯುತ್ತ ಕೇಳಿದಳು:

"ಚಾದಂಗಡ್ಯಾಗ ಅರ್ಧಾ ಸೀರಿ ನೇಯ್ದು ಬಂದೀರಂತ. ಉಳಿದರ್ಧಾ ಯಾವಾಗ?"

"ಚ್ಯಾಷ್ಟಿ ಮಾಡಬ್ಯಾಡ. ನಾಳೆನ ನೂಲಿಗೆ ಬಣ್ಣ ಹಾಕು."

ಸಾವಂತ್ರವ್ವನ ನಾಲಿಗೆ ಎಷ್ಟು ಹರಿತವೋ ಕೈ ಅಷ್ಟೇ ಚುರುಕು. ಮರುದಿನವೇ ನೂಲು ಬಣ್ಣದ ಗಡಿಗೆಗೆ ಬಿತ್ತು. ಮೈಗೆ ಎಳೆ ಜೋಳದ ಹಸಿರು, ದಡಿಗೂ ಸೆರಗಿಗೂ ದಾಳಿಂಬರ ಕೆಂಪು. ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ, ಕಣ್ಣು ತಿನ್ನುವ ಕೆಲಸವನ್ನೂ ಅವಳೇ ಮುಗಿಸಿದಳು. ಹಾಸು ಮಗ್ಗಕ್ಕೇರಿದ ದಿನ ಹುನಗುಂದದಿಂದ ಹೇಳಿಕಳಿಸಿದರು. ಸುಂದರವ್ವನನ್ನು ಎಬ್ಬಿಸಿ ಕೂಡಿಸಲು ಒಬ್ಬರು ಬೇಕಿತ್ತು. ಸಾವಂತ್ರವ್ವ ಗಂಟು ಕಟ್ಟಿದಳು. ಹೊಸ್ತಿಲು ದಾಟಿದವಳು ತಿರುಗಿ ನಿಂತು ಎಚ್ಚರಿಕೆ ಕೊಟ್ಟಳು:

"ನೇಯೂ ಮುಂದ ಆ ಜಪಾನದಾಕಿ ಬಾಯಿ ಮುಚ್ಚಿಸ್ರಿ. ಹಾಡಿನಾಗ ಎಳಿ ಹರಿದದ್ದು ಕೇಳಂಗಿಲ್ಲ."

"ನನಗ ಎರಡ ಕಿವಿ ಅದಾವ. ಒಂದು ಆಕಿಗೆ, ಒಂದು ಮಗ್ಗಕ್ಕ."

ಇನ್ನು ಈ ಜಪಾನದಾಕೆಯ ವಿಚಾರ. ಪಕ್ಕದ ಮನೆಯ ಇಮಾಮಸಾಬ ದುಬೈ ಬಂದರಿನಲ್ಲಿ ಹಡಗಿನ ಸಾಮಾನು ಇಳಿಸುತ್ತಿದ್ದ. ಹಿಂದೊಮ್ಮೆ ರಜೆಗೆ ಬಂದಾಗ ತನ್ನ ಹಳೆಯ ಟೇಪರಿಕಾರ್ಡರನ್ನು ಗೆಳೆಯನಿಗೆ ಕೊಟ್ಟು, ಅದರ ಜೊತೆಗೆ ಒಂದು ಕ್ಯಾಸೆಟ್ಟನ್ನೂ ಕೊಟ್ಟಿದ್ದ. ಜಪಾನಿನ ಹಡಗಿನ ಅಡುಗೆಯವನೊಬ್ಬ ಇಮಾಮಸಾಬನ ತಾಯಿ ದೌಲತಬಿ ಹಾಕಿದ ಮಾವಿನ ಉಪ್ಪಿನಕಾಯಿ ತಿಂದು, ಬಳಬಳ ಕಣ್ಣೀರು ಸುರಿಸಿ, ಪ್ರತಿಯಾಗಿ ಆ ಕ್ಯಾಸೆಟ್ಟು ಕೊಟ್ಟನಂತೆ. ಸಂತೋಷಕ್ಕೆ ಕೊಟ್ಟನೋ ಸೇಡಿಗೆ ಕೊಟ್ಟನೋ ಇಮಾಮಸಾಬನಿಗೂ ಖಾತ್ರಿಯಿಲ್ಲ.

ಅಂದಾನಪ್ಪ ಮಾತ್ರ ಅದಕ್ಕೆ ಮನಸೋತ. ಹಾಡುವವಳ ಹೆಸರು ಓದುವವರು ಯಾರಿದ್ದಾರೆ? ಆಕೆಗೆ ಜಪಾನವ್ವ ಎಂದು ತಾನೇ ಹೆಸರಿಟ್ಟ. ಮಾತು ಒಂದೂ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಅದು ಅವನಿಗೆ ಪೂರಾ ಸ್ವಂತದ್ದಾಗಿತ್ತು. ನಮ್ಮ ಭಾಷೆಯ ಹಾಡಿನಲ್ಲಿ ಗಂಡ ಬರಲಿಲ್ಲ, ಅತ್ತೆ ಬೈದಳು ಎಂದು ಏನಾದರೊಂದು ತಕರಾರು ಇದ್ದೇ ಇರುತ್ತದೆ. ಇಲ್ಲಿ ಅಂಥ ಕಾಟವಿಲ್ಲ. ಕೇಳಿ ಕೇಳಿ ಆ ಕ್ಯಾಸೆಟ್ಟು ಸವೆದು, ಆಕೆಗೆ ನೆಗಡಿಯಾದಂತೆ ಕೇಳಿಸತೊಡಗಿತ್ತು. ಅಷ್ಟರಲ್ಲಿ, ಇದೇ ಹಾಸು ಏರುವ ಮುನ್ನಾದಿನ, ಇಮಾಮಸಾಬ ಮತ್ತೆ ರಜೆಗೆ ಬಂದ. ಕಿಸೆಯಲ್ಲಿ ಜಪಾನವ್ವನ ಹೊಸ ಕ್ಯಾಸೆಟ್ಟು!

ಮುಚ್ಚಳದ ಮೇಲೆ ಹಳದಿ ಕೋಟು ತೊಟ್ಟು, ಕುತ್ತಿಗೆಯವರೆಗೆ ಕೂದಲು ಕತ್ತರಿಸಿಕೊಂಡು ಆಕೆ ನಿಂತಿದ್ದಳು. ಆ ಫೋಟೋವನ್ನು ಸಾವಂತ್ರವ್ವ ಹುನಗುಂದಕ್ಕೆ ಹೋಗುವ ಮೊದಲೇ ನೋಡಿದ್ದಳು.

"ಕೂದಲಾ ಯಾಕ ಕತ್ತರಿಸ್ಯಾರ? ಆಕಿ ಮನ್ಯಾಗ ಯಾರ ಹೋದ್ರು?"

"ಅದು ಫ್ಯಾಶನ್ ಅಲ್ಲಿ."

"ಮುಖದಾಗ ಉಂಡ ಕಳೇನ ಇಲ್ಲ ನೋಡ್ರಿ. ನಮ್ಮನ್ಯಾಗ ಇದ್ದಿದ್ರ ಎರಡ ರೊಟ್ಟಿ ಬಿಸೀದು ಹಾಕ್ತಿದ್ದೆ."

ಹೆಂಡತಿಯ ಬಸ್ಸು ಊರ ಹೊರಗಿನ ಹಳ್ಳ ದಾಟಿರಲಿಕ್ಕಿಲ್ಲ. ಅಂದಾನಪ್ಪ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟ, ಟೇಪರಿಕಾರ್ಡರನ್ನು ಮಗ್ಗದ ಬದಿಗೆ ಇಟ್ಟ, ಗುಂಡಿ ಒತ್ತಿದ. ಮೊದಲು ಡೋಲು, ಆಮೇಲೆ ತುತ್ತೂರಿ, ಅದರ ಮೇಲೆ ಜಪಾನವ್ವ. ಹಳೆಯ ಕ್ಯಾಸೆಟ್ಟಿನಲ್ಲಿ ಆಕೆ ಕುಂತು ಹಾಡುತ್ತಿದ್ದರೆ ಇದರಲ್ಲಿ ಎದ್ದು ಓಡುತ್ತಿದ್ದಳು. ಇಳಿಜಾರಿನಲ್ಲಿ ಟಾಂಗಾ ಬಿಟ್ಟ ಹಾಗೆ ಹಾಡು! ಅಂದಾನಪ್ಪನ ಕಾಲು ತಾನೇ ಅದರ ತಾಳ ಹಿಡಿಯಿತು, ಕೈ ಕಾಲನ್ನು ಹಿಂಬಾಲಿಸಿತು. ಲಾಳಿ ಆ ಕಡೆ ಈ ಕಡೆ ಹಾರಿತು. ಎಳೆ ಒತ್ತುವ ಹಣಿಗೆಯ ಬಡಿತ ಡೋಲಿಗೆ ಸರಿಯಾಗಿ ಬಿತ್ತು.

ಓಣಿಯ ಜನ ಬಂದು ಕಟ್ಟೆಯ ಮೇಲೆ ಕೂತರು. ಮಾತು ತಿಳಿಯದ ಹಾಡಿಗೆ ಯಾರು ಬೇಕಾದರೂ ಅರ್ಥ ಹೇಳಬಹುದಲ್ಲ, ಹೇಳಿದರು. ಒಬ್ಬ ಇದು ಮದುವೆಯ ಹಾಡು ಎಂದ, ಇನ್ನೊಬ್ಬ ಯಾವುದೋ ಸಾಬೂನಿನ ಜಾಹೀರಾತು ಎಂದ. ದೌಲತಬಿ ಮಾತ್ರ ಸುಮ್ಮನೆ ಕೇಳಿ, "ಈ ಪೋರಿಗೆ ತವರಿನ ನೆಪ್ಪಾಗೇತಿ" ಎಂದಳು.

"ನೆಪ್ಪಾಗಿದ್ರ ಅಳ್ತಿದ್ದಿಲ್ಲೇನು ಚಾಚಿ? ಕುಣ್ಯಾಕತ್ತಾಳ ಆಕಿ" ಎಂದ ಕಟ್ಟೆಯ ಮೇಲಿನವನೊಬ್ಬ.

"ಎಲ್ಲಾರೂ ಅತ್ತs ನೆನಸ್ತಾರೇನಪ್ಪ" ಎಂದು ಮುದುಕಿ ಎದ್ದು ಹೋದಳು. ಅಂದಾನಪ್ಪ ಆ ಮಾತಿಗೆ ಕಿವಿಗೊಡಲಿಲ್ಲ. ಅವನ ಕಿವಿಗಳೆರಡೂ ಆಗಲೇ ಜಪಾನಿಗೆ ಹೋಗಿದ್ದವು.

ಒಂದು ಮಧ್ಯಾಹ್ನ ಟೇಪರಿಕಾರ್ಡರು ಕ್ಯಾಸೆಟ್ಟಿನ ರಿಬ್ಬನ್ನು ನುಂಗಿತು. ಜಪಾನವ್ವ ಒಮ್ಮೆ ಗೊಗ್ಗರು ದನಿಯಲ್ಲಿ ನರಳಿ ನಿಂತುಬಿಟ್ಟಳು. ಅಂದಾನಪ್ಪ ಲಾಳಿ ಕೈಬಿಟ್ಟು ಕುಣಿಯಿಂದ ಜಿಗಿದ. ರಿಬ್ಬನ್ನು ಗುಂಜು ಗುಂಜಾಗಿ ಹೊರಗೆ ಬಂದು ಒಂದು ಕಡೆ ಹರಿದೇ ಹೋಗಿತ್ತು. ಬೇರೆಯವರಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದರು. ಇವನು ನೂಲು ಬಿಡಿಸುವ ಹಾಗೆ ಒಂದೊಂದೇ ಸಿಕ್ಕು ಬಿಡಿಸಿದ. ಹರಿದ ತುದಿಗಳನ್ನು ಕತ್ತರಿಯಿಂದ ಸಮ ಮಾಡಿದ, ಸಣ್ಣ ಅಂಟುಪಟ್ಟಿಯಿಂದ ಕೂಡಿಸಿದ, ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕೈಯಿಂದ ಹದವಾಗಿ ಸುತ್ತಿದ. ಗುಂಡಿ ಒತ್ತಿದರೆ ಜಪಾನವ್ವ ಏನೂ ಆಗದವಳಂತೆ ಮುಂದಿನ ಸಾಲು ಎತ್ತಿಕೊಂಡಳು.

"ನೀ ನೇಕಾರ ಅಲ್ಲಲೇ, ಡಾಕ್ಟರ ಅದಿ" ಎಂದ ಇಮಾಮಸಾಬ. ಅಂದಾನಪ್ಪ ಈ ಪರಾಕ್ರಮವನ್ನು ಚಹಾದಂಗಡಿಯಲ್ಲಿ ಎಲ್ಲರಿಗೂ ಹೇಳಿದ.

ಸೀರೆ ಪಂಚಮಿಗೆ ಮೊದಲೇ ಮಗ್ಗದಿಂದ ಇಳಿಯಿತು. ಅವನ ಜೀವಮಾನದಲ್ಲಿ ಹೇಳಿದ ಹೊತ್ತಿಗೆ ಮುಗಿದ ಕೆಲಸ ಇದೊಂದೇ. ಮಡಿಚಿ, ಮೇಲೆ ಕುಂಕುಮದ ಬೊಟ್ಟು ಇಟ್ಟು, ಗೂಡಿನಲ್ಲಿ ದೇವರ ಫೋಟೋದ ಪಕ್ಕದಲ್ಲಿಟ್ಟ. ಸೀರೆ ಒಯ್ಯಲು ಸಾವಂತ್ರವ್ವ ಹುನಗುಂದದಿಂದ ಬಂದಳು. ಮುಖ ಸೊರಗಿತ್ತು.

"ಹೆಂಗದಾಳ?" ಎಂದ.

"ಬಾಗಲಾ ನೋಡಕೋತ ಕುಂತಾಳ. ನೀರೂ ಇಳೀವಲ್ದು. ಸೀರಿ ಬಂತೇನ ವೈನಿ, ಸೀರಿ ಬಂತೇನ ವೈನಿ. ಇದs ಮಾತು."

"ಬಂತು ಅಂತ ಹೇಳು. ತಗೋ, ಕಣ್ಣತುಂಬ ನೋಡು."

ಸಾವಂತ್ರವ್ವ ಸೀರೆಯನ್ನು ಅಂಗಳಕ್ಕೆ ಒಯ್ದು ಪದರು ಬಿಚ್ಚಿದಳು. ಮೋಡ ಸರಿದು ಬಿಸಿಲು ಬಿದ್ದಿತ್ತು. ಆಕೆಯ ಬಾಯಿಗೆ ಬಂದ ಹೊಗಳಿಕೆ ಅಲ್ಲಿಯೇ ನಿಂತಿತು. ಇನ್ನೊಂದು ಪದರು ಬಿಚ್ಚಿದಳು, ಮತ್ತೊಂದು ಬಿಚ್ಚಿದಳು. ಆಮೇಲೆ ಸೀರೆಯನ್ನು ಬಿಸಿಲಿಗೆ ಅಡ್ಡ ಹಿಡಿದು ಗಂಡನ ಕಡೆ ನೋಡಿದಳು.

ಹಸಿರಿನ ನಟ್ಟನಡುವೆ ಬಿಸಿಲಿನ ಒಂದು ಗೆರೆ. ಒಂದು ಎಳೆ ಹರಿದು, ಪಕ್ಕದ ಎಳೆಗೆ ತೊಡರಿ, ಅದನ್ನೂ ಎಳೆದುಕೊಂಡು ಹೋಗಿತ್ತು. ಸೀರೆ ಶುರುವಾದ ಸ್ವಲ್ಪದರಲ್ಲೇ ಹುಟ್ಟಿದ ಸೀಳು ಸೆರಗಿನವರೆಗೂ ಬಂದಿತ್ತು. ಶ್ರಾವಣದ ಮಬ್ಬಿನಲ್ಲಿ, ಹಸಿರಿನ ಮೇಲೆ ಹಸಿರು, ಅರ್ಧ ಕಣ್ಣು ಮುಚ್ಚಿ ತಲೆ ಆಡಿಸುತ್ತ ನೇಯ್ದವನಿಗೆ ಅದು ಕಂಡಿರಲಿಲ್ಲ.

ಅಂದಾನಪ್ಪ ಹತ್ತಿರ ಬಂದು ನೋಡಿದ. ಕಟ್ಟೆಯ ಮೇಲೆ ಕುಸಿದ.

"ಕೇಳಸಲಿಲ್ಲ" ಎಂದ.

"ರಿಬ್ಬನ್ ಹರದದ್ದು ಕೇಳಸ್ತಂತಲ್ಲ? ಬಸ್‌ಸ್ಟ್ಯಾಂಡಿನಿಂದ ಇಲ್ಲಿಮಟ ಬರೂದ್ರಾಗ ಮೂರಮಂದಿ ಹೇಳಿದ್ರು ನನಗ, ನಿನ್ನ ಗಂಡ ಡಾಕ್ಟರ ಆಗ್ಯಾನ ಅಂತ. ಆ ಜಪಾನದಾಕಿ ಎಳಿ ಹರದ್ರ ಜಿಗದು ಬಂದ್ರಿ. ನಿಮ್ಮ ತಂಗಿ ಎಳಿ ಹರದ್ರ ಕುಂತು ತಲಿ ಆಡಿಸಿದ್ರಿ."

ಬೈಸಿಕೊಳ್ಳುವುದರಲ್ಲಿ ಪಳಗಿದ ಗಂಡಸು ಅಂದಾನಪ್ಪ. ಆದರೆ ಇಷ್ಟು ಮೆಲ್ಲನೆಯ ದನಿಯಲ್ಲಿ ಹೆಂಡತಿ ಬೈದದ್ದು ಅದೇ ಮೊದಲು. ಅದಕ್ಕೇ ಹೆಚ್ಚು ಹೆದರಿದ.

"ಇನ್ನೊಂದು ನೇಯ್ತೇನಿ. ಹಗಲೂರಾತ್ರಿ ಕುಂದರ್ತೇನಿ."

"ಅಷ್ಟು ದಿನಾ ಆಕಿ ಇರಂಗಿಲ್ರಿ" ಎಂದಳು ಸಾವಂತ್ರವ್ವ. ಹೇಳಿಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಒರೆಸಿ ಸೀರೆ ಮಡಿಚಿದಳು. "ನಡೀರಿ. ನಾ ಉಡಸ್ತೇನಿ. ನಿರಿಗಿ ಒಳಗ ಗೆರಿ ಮುಚ್ಚತೇನಿ. ನೀವು ಮಾತ್ರ ಬಾಯಿ ಬಿಡಬ್ಯಾಡ್ರಿ."

ಹೊರಡುವಾಗ ಅಂದಾನಪ್ಪ ಟೇಪರಿಕಾರ್ಡರನ್ನು ಕೈಚೀಲಕ್ಕೆ ಹಾಕಿಕೊಂಡ.

"ಅದ್ಯಾಕ?"

"ತಂಗಿ ಮುಂದ ಇದನ್ನ ಒಡದು ಪುಡಿ ಮಾಡ್ತೇನಿ. ಇದರ ಮುಖಾ ಇನ್ನ ನೋಡಂಗಿಲ್ಲ."

"ಒಡಿಯೂದಾದ್ರ ಇಲ್ಲೇ ಕಲ್ಲೈತಿ. ಬಸ್ಸಿನಾಗ ಯಾಕ ಹೊರತೀರಿ?"

"ಆಕಿ ಮುಂದs ಒಡೀಬೇಕು" ಎಂದ ಅಂದಾನಪ್ಪ. ಹುನಗುಂದದವರೆಗೂ ಬಸ್ಸು ಕುಲುಕಿದಾಗೆಲ್ಲ ಅದಕ್ಕೆ ಪೆಟ್ಟಾಗದಂತೆ ತೊಡೆಯ ಮೇಲೆ ಅವುಚಿ ಹಿಡಿದುಕೊಂಡು ಕೂತಿದ್ದ. ಸಾವಂತ್ರವ್ವ ಅದನ್ನು ನೋಡಿಯೂ ನೋಡದವಳಂತೆ ಕಿಟಕಿಯ ಹೊರಗೆ ಮುಖ ಮಾಡಿದಳು.

ಸುಂದರವ್ವ ಗೋಡೆಗೆ ಆನಿಕೊಂಡು ಕೂತಿದ್ದಳು. ಅವಳಲ್ಲಿ ಉಳಿದದ್ದು ಎರಡು ಕಣ್ಣು ಮಾತ್ರ. ಸೀರೆ ಕಂಡ ಕೂಡಲೇ ಆ ಕಣ್ಣು ಎರಡೂ ಅರಳಿದವು. ಸಾವಂತ್ರವ್ವ ಗಂಡಸರನ್ನು ಹೊರಗೆ ಕಳಿಸಿ, ಕದ ಮುಂದೆ ಮಾಡಿ, ನಾದಿನಿಗೆ ಸೀರೆ ಉಡಿಸಿದಳು. ತವರ ಸೀರೆ ಉಡಿಸುವಾಗ ಹೇಳುವ ಹಾಡು ಒಂದನ್ನೂ ಹೇಳಲಿಲ್ಲ. ನಿರಿಗೆಯ ಲೆಕ್ಕದಲ್ಲಿಯೇ ಆಕೆಗೆ ಬೆವರು ಇಳಿದಿತ್ತು. ಗೆರೆ ಸೀರೆಯ ಉದ್ದಕ್ಕೂ ಇತ್ತು, ನಿರಿಗೆಯಲ್ಲಿ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಕಾಣುತ್ತಿತ್ತು. ಆ ಸಣಕಲು ಮೈಗೆ ಸೀರೆ ಸುತ್ತಿದಷ್ಟೂ ಉಳಿಯಿತು, ಎಷ್ಟು ಮಡಿಚಿದರೂ ಗೆರೆ ಬಂದು ತೊಡೆಯ ಮೇಲೆಯೇ ನಿಂತಿತು.

ಆಮೇಲೆ ಗಂಡಸರನ್ನು ಒಳಗೆ ಕರೆದಳು. ಸುಂದರವ್ವ ಅತ್ತಿಗೆಯ ಹೆಗಲು ಹಿಡಿದು ಕನ್ನಡಿಯ ಮುಂದೆ ನಿಂತಿದ್ದಳು. ಹಸಿರು ಸೀರೆ, ಕೆಂಪು ಸೆರಗು, ಹಣೆಯಲ್ಲಿ ಕುಂಕುಮ. ಬಹಳ ಹೊತ್ತು ನೋಡಿಕೊಂಡಳು.

"ಅವ್ವನಂಗ ಕಾಣ್ತೇನಿ ನೋಡಣ್ಣಾ" ಎಂದಳು.

ಅಂದಾನಪ್ಪ ಹೂಂ ಎಂದ. ಗಂಡಾಂತರ ಕಳೆಯಿತು ಎಂದುಕೊಂಡು ಉಸಿರು ಬಿಟ್ಟ. ಸುಂದರವ್ವ ಕೂತಳು, ಸೀರೆಯ ಮೇಲೆ ಅಂಗೈ ಇಟ್ಟಳು, ಮೆಲ್ಲಗೆ ಸವರಿದಳು. ಬೆರಳು ತೊಡೆಯ ಮೇಲೆ ಬಂದು ನಿಂತಿತು. ಹಿಂದೆ ಸರಿಯಿತು, ಮತ್ತೆ ಬಂದು ಅಲ್ಲಿಯೇ ನಿಂತಿತು.

"ಎಳಿ ಹೋಗೇತಲ್ಲ ಅಣ್ಣಾ."

"ನೆರಳದು, ನೆರಳು" ಎಂದು ಸಾವಂತ್ರವ್ವ ಅಡ್ಡ ಬಂದಳು. "ಕಿಡಕಿ ಸರಳಿನ ನೆರಳು."

"ವೈನಿ, ಅಪ್ಪನ ಮಗ್ಗದ ಬುಡಕ ಆಡಿ ಬೆಳದಾಕಿ ನಾ. ನೆರಳು ಕೈಗೆ ಹತ್ತತೈತೇನು?"

ಇನ್ನು ತಡೆಯಲಾಗಲಿಲ್ಲ. ಅಂದಾನಪ್ಪ ತಂಗಿಯ ಕಾಲ ಬಳಿ ಕೂತು ಎಲ್ಲ ಹೇಳಿದ. ಜಪಾನವ್ವ, ಹೊಸ ಕ್ಯಾಸೆಟ್ಟು, ಎರಡು ಕಿವಿ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಕೂಸಿನ ಹಾಗೆ ಅತ್ತ. ಅಳುತ್ತಲೇ ಟೇಪರಿಕಾರ್ಡರನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿದ. ಎತ್ತಿದವನು ಕೆಳಗೆ ಬಿಡಲಿಲ್ಲ. ಯಾರಾದರೂ ಬೇಡ ಎನ್ನುತ್ತಾರೇನೋ ಎಂದು ಕಾದ.

"ಬಿಡ್ರಿ ಕೆಳಗ, ಯಾರ ಹಿಡದಾರ?" ಎಂದಳು ಸಾವಂತ್ರವ್ವ.

"ತಡಿ ಅಣ್ಣಾ" ಎಂದಳು ಸುಂದರವ್ವ. "ನನ್ನ ಸೀರೀನ ಮರಸೂವಂಥಾದ್ದು ಏನೈತಿ ಅದರಾಗ? ಹಚ್ಚು, ನಾನೂ ಕೇಳ್ತೇನಿ."

ಅವನು ಹಚ್ಚಿದ. ಡೋಲು ಬಂತು, ತುತ್ತೂರಿ ಬಂತು, ಜಪಾನವ್ವ ಓಡುತ್ತ ಬಂದಳು. ಪಕ್ಕದ ಮನೆಯವರು ಸಾವಿನ ಸುದ್ದಿಗೆ ಕಾದು ಕೂತಿದ್ದರು. ಅವರು ಬಾಗಿಲಿಗೆ ಬಂದು, ಇದೇನು ಸಂಭ್ರಮ ಎಂದು ಬಾಯಿ ತೆರೆದು ನಿಂತರು. ಸುಂದರವ್ವ ಕಣ್ಣು ಮುಚ್ಚಿದ್ದಳು. ಸೀರೆಯ ಗೆರೆಯ ಮೇಲೆ ಆಕೆಯ ಬೆರಳು ತಾಳ ಹಾಕುತ್ತಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು, ಅದೂ ಮುಗಿಯಿತು. ಅಷ್ಟು ಹೊತ್ತು ಆಕೆ ನರಳಲಿಲ್ಲ.

"ಚಲೋ ಹಾಡ್ತಾಳ" ಎಂದಳು. "ಒಂದ್ ಎಳಿ ಹೋದದ್ದು ಕಮ್ಮೀನ ಆತು."

"ತಪ್ಪಾತವಾ. ಹೊಟ್ಟ್ಯಾಗ ಹಾಕ್ಕೋ."

"ಹೊಟ್ಟ್ಯಾಗ ಜಾಗಾ ಎಲ್ಲೈತೋ ಅಣ್ಣಾ?" ಎಂದು ಸುಂದರವ್ವ ನಕ್ಕಳು. ನಕ್ಕರೆ ನೋವಾಗುತ್ತಿತ್ತು, ಪಕ್ಕೆ ಒತ್ತಿ ಹಿಡಿದುಕೊಂಡೇ ನಕ್ಕಳು. ಸಾವಂತ್ರವ್ವ ಬೇಡ ಬೇಡ ಎನ್ನುತ್ತ ತಾನೂ ನಕ್ಕಳು, ಬಾಗಿಲಲ್ಲಿ ನಿಂತವರೂ ನಕ್ಕರು. ಅಂದಾನಪ್ಪನಿಗೆ ಕ್ಷಮೆ ಸಿಕ್ಕಂತಾಯಿತು. ಮೂಗು ಒರೆಸಿಕೊಂಡು, ಸಂಜೆಯ ಬಸ್ಸಿಗೆ ಹೊರಡಲು ಎದ್ದು, ಟೇಪರಿಕಾರ್ಡರನ್ನು ಕೈಚೀಲಕ್ಕೆ ಹಾಕಿಕೊಳ್ಳಲು ಹೋದ.

ಸುಂದರವ್ವ ಅದರ ಹಿಡಿಕೆಯ ಮೇಲೆ ಕೈ ಇಟ್ಟಳು.

"ಇದು ಇಲ್ಲೇ ಇರ್ಲಿ."

"ಯಾಕವಾ? ನಿನಗ ಗದ್ದಲ ಆಗೂದಿಲ್ಲೇನು?"

"ನನಗ ಬೇಕು. ಮತ್ತ ನಿನಗ ಇನ್ನೊಂದು ಸೀರಿ ನೇಯೂದೈತಲ್ಲ, ಹೊದಿಸೂ ಸೀರಿ. ಅದನ್ನ ಕೈಯಾಡಿಸಿ ನೋಡಾಕ ನಾ ಇರಂಗಿಲ್ಲ."

ಆರಿಸದೆ ಬಿಟ್ಟಿದ್ದ ಟೇಪರಿಕಾರ್ಡರಿನ ಗುಂಡಿ ಟಕ್ಕೆಂದು ಮೇಲೆದ್ದಿತು.

"ಈ ಬಾಜೂ ಮುಗೀತು ನೋಡು" ಎಂದಳು ಸುಂದರವ್ವ. "ಆ ಬಾಜೂ ಹಾಕಿ ಹೋಗು."

ಅಂದಾನಪ್ಪ ಕ್ಯಾಸೆಟ್ಟು ತೆಗೆದು, ಮಗ್ಗುಲು ಬದಲಿಸಿ ಹಾಕಿದ.